ಅಡಿಕೆ ಸುಲಿತದ ಜೊತೆಗೇ ಬರುವ ಮಂಡಿನೋವು

ಡಿಸೆಂಬರಿನ ಒಂದು ಮಧ್ಯಾಹ್ನ, ನಾನು ಊಟಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಬಂದರು. ಕೈಯಲ್ಲಿ ಜವಳಿ ಅಂಗಡಿಯ ಚೀಲ. ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೂರು ಎಕ್ಸ್‌ರೇ, ಸಕ್ಕರೆ ಕಾಯಿಲೆಯ ಪುಸ್ತಕ, ರಕ್ತಪರೀಕ್ಷೆಯ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿಟ್ಟ ಖಾಲಿ ಮಾತ್ರೆ ಸ್ಟ್ರಿಪ್ಪುಗಳು.

"ಎಲ್ಲಾ ಇದ್ರಲ್ಲೇ ಇದೆ ನೋಡಿ ಡಾಕ್ಟ್ರೇ. ಮಂಡಿ ಸವ್ದು ಹೋಗಿದೆ. ಎಣ್ಣೆ ಆರಿದೆ. ಇನ್ನೆಂತ ಇಲ್ಲ."

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ತೀರ್ಥಹಳ್ಳಿ ಸೀಮೆಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿದ್ದುಬಿಡುತ್ತೇನೆ. ಬಂದವರ ಹೆಸರು ಇಲ್ಲಿ ಬೇಡ. ಎದುರಿಗೆ ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಗುರುತು ಸಿಗದಿರಲೆಂದು ಮನೆ-ಊರಿನ ಒಂದೆರಡು ವಿವರ ಬದಲಿಸಿದ್ದೇನೆ. ಮಂಡಿಯ ವಿವರ ಇದ್ದದ್ದು ಇದ್ದ ಹಾಗೆ.

ವಯಸ್ಸು 53. ಎತ್ತರ 152 ಸೆಂ.ಮೀ., ತೂಕ 71 ಕೆ.ಜಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಮನೆಯ ಹಿಂದೆ ಚೂರು ತೋಟ, ಉಳಿದಂತೆ ಕೂಲಿ. ನೋವು ಬಲಮಂಡಿಯಲ್ಲಿ ಮಾತ್ರ, ಅದೂ ವರ್ಷವಿಡೀ ಅಲ್ಲ, ಬಂದು ಹೋಗುವ ನೋವು. ಇದು ನಾಲ್ಕನೇ ವರ್ಷ.

ಮೊದಲ ವರ್ಷ ಮೆಡಿಕಲ್ ಶಾಪಿನವನನ್ನು ಕೇಳಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಇರುವ ಮಾತ್ರೆ ತಂದು ನುಂಗಿದರು. ಎರಡನೇ ವರ್ಷ ಶಿವಮೊಗ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದರು. 'ಸವೆತ' ಎಂಬ ಮಾತು ಕಿವಿಗೆ ಬಿದ್ದದ್ದು ಆಗ. ಜೊತೆಗೆ ಕ್ಯಾಲ್ಸಿಯಂ, ಮೂರು ತಿಂಗಳಿಗಾಗುವಷ್ಟು ಗ್ಲುಕೋಸಮೈನ್ ಎಂಬ ಕೀಲಿನ ಮಾತ್ರೆ, ಮತ್ತು ಒಂದು ಬುದ್ಧಿಮಾತು: ಜಾಸ್ತಿ ಓಡಾಡಬೇಡಿ, ಮಂಡಿ ಉಳಿಸಿಕೊಳ್ಳಿ. ಮೂರನೇ ವರ್ಷ ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್. "ಆರು ವಾರ ದೇವ್ರ ಹಾಗಿತ್ತು," ಎಂದರು ಅಕ್ಕ. ಏಳನೇ ವಾರ ಮತ್ತೆ ಹಳೇ ಕತೆ. ಇವತ್ತಲ್ಲ ನಾಳೆ ಮಂಡಿ ಬದಲಿಸಬೇಕಾಗುತ್ತದೆ ಎಂದು ಯಾರೋ ಹೇಳಿದ್ದರಿಂದ, ಅದಕ್ಕೆ ಮೊದಲು 'ಕರೆಂಟ್ ಕೊಡುವ' ಕಡೆ ಒಮ್ಮೆ ಹೋಗಿ ಬರೋಣ ಎಂದು ನನ್ನಲ್ಲಿಗೆ ಬಂದಿದ್ದರು. ನಮ್ಮ ಕಸುಬಿಗೆ ಹಳ್ಳಿ ಕಡೆ ಇರುವ ಹೆಸರು ಅದು, ಕರೆಂಟ್ ಕೊಡೋರು.

ಎಕ್ಸ್‌ರೇ ಮುಟ್ಟುವ ಮೊದಲು ನಾನು ಕ್ಯಾಲೆಂಡರ್ ಕೇಳುತ್ತೇನೆ. ಇದು ಯಾರೂ ಕಲಿಸಿದ್ದಲ್ಲ, ಅನುಭವದಿಂದ ಬಂದ ಚಟ.

"ಯಾವಾಗ ಶುರುವಾಗ್ತದೆ ಅಕ್ಕ?"

"ಚಳಿ ಬಿತ್ತು ಅಂದ್ರೆ ಶುರು. ದೀಪಾವಳಿ ಕಳೆದು ಹತ್ತು-ಹದಿನೈದು ದಿನ."

"ಹೋಗೋದು?"

"ಶಿವರಾತ್ರಿ ಹೊತ್ತಿಗೆ. ಬಿಸ್ಲು ಏರ್ತಿದ್ದ ಹಾಗೆ ತನ್ನಷ್ಟಕ್ಕೇ ಹೋಗ್ತದೆ."

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುವ ಮಾತಿಗೆ ತಕ್ಕಂತೆ ಮಂಡಿನೋವೂ ಹೋಗುತ್ತಿತ್ತು. ಮನೆಯವರೆಲ್ಲ ಚಳಿಯನ್ನೇ ಬೈಯುತ್ತಿದ್ದರು. ವಾತ, ಶೀತ, ತಣ್ಣೀರು. ಆದರೆ ನಮ್ಮ ಕಡೆ ಥಂಡಿ ಇರುವುದು ಡಿಸೆಂಬರಿನಲ್ಲಿ ಮಾತ್ರವೇ? ಆಗುಂಬೆ ಇಲ್ಲೇ ಹತ್ತಿರ. ಆರಿದ್ರಾ ಮಳೆ ಹಿಡಿಯಿತೆಂದರೆ ಬಟ್ಟೆ ವಾರವಾದರೂ ಒಣಗುವುದಿಲ್ಲ, ಕಂಬಳಿಯೇ ಒದ್ದೆ ಒದ್ದೆ.

"ಆಷಾಢದಲ್ಲಿ ನೋವು ಹೇಗಿರ್ತದೆ?"

ಅಕ್ಕ ಸ್ವಲ್ಪ ಯೋಚಿಸಿದರು. "ಆವಾಗ ಅಷ್ಟಿಲ್ಲ."

ಚಳಿಗೆ ಬರುವ ನೋವಾಗಿದ್ದರೆ ಆಷಾಢದಲ್ಲಿ ಅವರಿಗೆ ಎದ್ದು ನಿಲ್ಲಲು ಆಗಬಾರದಿತ್ತು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಈ ಸೀಮೆಯಲ್ಲಿ ಚಳಿಯ ಜೊತೆ ಇನ್ನೊಂದು ಇರುತ್ತದೆ. ಅಡಿಕೆ ಕೊಯ್ಲು. ಅದನ್ನು ಕೇಳಿದಾಗ, ಇದೂ ಒಂದು ಪ್ರಶ್ನೆಯೇ ಎಂಬಂತೆ ಅಕ್ಕ ನನ್ನ ಮುಖ ನೋಡಿದರು. "ಸುಲಿತಕ್ಕೆ ಹೋಗ್ತೀನಲ್ಲ. ಈ ಸೀಮೆಲಿ ಯಾರು ಹೋಗಲ್ಲ?"

ಹಾಗೆಂದು ಅಲ್ಲಿಗೇ ತೀರ್ಮಾನ ಮಾಡುವ ಹಾಗಿಲ್ಲ. ಮಂಡಿನೋವಿಗೆ ಹತ್ತಾರು ಮೂಲ ಇರುತ್ತವೆ, ಒಂದನ್ನು ಹಿಡಿದು ಉಳಿದದ್ದನ್ನು ಬಿಟ್ಟರೆ ಪೆಟ್ಟು ತಿನ್ನುವುದು ರೋಗಿ. ಬೆಳಿಗ್ಗೆ ಎದ್ದಾಗ ಮಂಡಿ ಎಷ್ಟು ಹೊತ್ತು ಬಿಗಿದಿರುತ್ತದೆ ಎಂದು ಕೇಳಿದೆ. "ಒಲೆ ಹಚ್ಚೋವರೆಗೆ," ಅಂದರು. ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಈ ಉತ್ತರಕ್ಕೆ ತುಂಬ ಬೆಲೆಯಿದೆ. 45 ದಾಟಿದವರಿಗೆ ಓಡಾಡಿದಾಗ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ ಎಂದಾದರೆ ಅಸ್ಥಿಸಂಧಿವಾತದ, ಅಂದರೆ ಜನ ಸವೆತ ಎನ್ನುವ ಕಾಯಿಲೆಯ, ಕಡೆಗೆ ಬೆರಳು ತೋರುತ್ತದೆ. ಅದನ್ನು ಹೇಳಲು ಎಕ್ಸ್‌ರೇ ಕೂಡ ಕಡ್ಡಾಯವಲ್ಲ. ಬಿಗಿತ ಗಂಟೆಗಟ್ಟಲೆ ಇದ್ದು, ಕೈಬೆರಳ ಸಣ್ಣ ಗಂಟುಗಳೂ ಊದಿ, ಎರಡೂ ಕಡೆ ಒಟ್ಟಿಗೆ ನೋಯುತ್ತಿದ್ದರೆ ನಾನು ರುಮಟಾಯ್ಡ್ ಎಂಬ ಇನ್ನೊಂದು ಬಗೆಯ ಸಂಧಿವಾತ ಎಂದು ಅನುಮಾನಿಸಿ ವೈದ್ಯರಲ್ಲಿಗೆ ಕಳಿಸುತ್ತಿದ್ದೆ. ರಾತ್ರೋರಾತ್ರಿ ಗಂಟು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಚೀರುವಂತಾದರೆ ಗೌಟ್. ಅಕ್ಕನಿಗೆ ಅದೂ ಇಲ್ಲ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕುನ್‌ಗುನ್ಯಾ ಎದ್ದಿತಲ್ಲ, ಈಗಲೂ ಅನೇಕರು ತಮ್ಮ ಗಂಟುನೋವಿನ ಲೆಕ್ಕವನ್ನು ಆ ವರ್ಷದಿಂದಲೇ ಶುರುಮಾಡುತ್ತಾರೆ. ಅಕ್ಕನ ಗಂಡನಿಗೆ ಬಂದಿತ್ತಂತೆ, ಅಕ್ಕನಿಗಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಕೆಲಸ ಮಾಡುವ ನಾವು ಇನ್ನೊಂದನ್ನೂ ಮನಸ್ಸಿನ ಮೂಲೆಯಲ್ಲಿಟ್ಟುಕೊಂಡಿರುತ್ತೇವೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಿಂದಲೇ ಕರೆಯುವ ಕಾಯಿಲೆ ಅದು. 1970ರ ದಶಕದಲ್ಲಿ ಬೆಳಕಿಗೆ ಬಂತು. ಸೊಂಟದ ಕೀಲು ಮತ್ತು ಮಂಡಿಗಳನ್ನು ಹಿಡಿದು, ಕೆಲವರನ್ನು ಕುಳ್ಳಾಗಿಸಿ, ಕೆಲವರನ್ನು ತೆವಳುವ ಸ್ಥಿತಿಗೆ ತರುವ, ವಂಶದಲ್ಲಿ ಹರಿದು ಬರುವ ಕಾಯಿಲೆ. ಅಕ್ಕನ ಮನೆತನದಲ್ಲಿ ಅಂಥದ್ದೇನೂ ಇರಲಿಲ್ಲ. ಪಾವಗಡ, ಕೋಲಾರದ ಕಡೆಯವರಾಗಿದ್ದರೆ ಕುಡಿಯುವ ನೀರಿನಲ್ಲಿ ಹೆಚ್ಚಾಗಿ ಮೂಳೆ-ಕೀಲು ಕೆಡಿಸುವ ಫ್ಲೋರೈಡ್ ಬಗ್ಗೆ ಕೇಳುತ್ತಿದ್ದೆ. ಇಲ್ಲಿ ಆ ಪ್ರಶ್ನೆ ಬರಲಿಲ್ಲ.

ಮಂಚದ ಮೇಲೆ ಮಲಗಿಸಿ ಮೊದಲು ನೋಡಿದ್ದು ಸೊಂಟದ ಕೀಲು. ಸೊಂಟದ ಕೀಲು ಕೆಟ್ಟು ಮಂಡಿ ನೋಯುವುದು ಎಲ್ಲರೂ ಅಂದುಕೊಂಡದ್ದಕ್ಕಿಂತ ಹೆಚ್ಚು. ಮಂಡಿಗೆ ಎರಡು ವರ್ಷ ಔಷಧಿ ಮಾಡಿ ಕೊನೆಗೆ ರೋಗ ಸೊಂಟದಲ್ಲಿತ್ತು ಎಂದು ತಿಳಿದವರನ್ನು ನಾನೇ ನೋಡಿದ್ದೇನೆ. ಅಕ್ಕನ ಸೊಂಟ ಸಲೀಸಾಗಿ ತಿರುಗಿತು. ಬಲಮಂಡಿ ಪೂರ್ತಿ ನೆಟ್ಟಗಾಗಲು 5 ಡಿಗ್ರಿ ಕಡಿಮೆ. ಮಡಿಚುವುದು 125 ಡಿಗ್ರಿಗೆ ನಿಂತಿತು, ಎಡಗಡೆ 138. ಸ್ವಲ್ಪ ಊತ, ಬಿಸಿಯಿಲ್ಲ. ಕೈಯಿಟ್ಟು ಮಡಿಚಿ ಬಿಡಿಸಿದರೆ ಒಳಗೆ ಮರಳು ಅರೆದ ಹಾಗೆ ಕರಕರ. ಈ ಸದ್ದಿಗೆ ಜನ ಹೆದರುವಷ್ಟು ಇನ್ನಾವುದಕ್ಕೂ ಹೆದರುವುದಿಲ್ಲ. ನೋವಿಲ್ಲದ ಮಂಡಿಗಳೂ ಬೇಕಾದಷ್ಟು ಕರಕರ ಎನ್ನುತ್ತವೆ.

"ಒಂದು ಬೆರಳಲ್ಲಿ ತೋರಿಸಿ, ಎಲ್ಲಿ ಜಾಸ್ತಿ?"

ಇಡೀ ಮಂಡಿಯ ಮೇಲೆ ಅಂಗೈ ಆಡಿಸುತ್ತಿದ್ದವರು ಆಗ ಬೆರಳನ್ನು ಇಟ್ಟದ್ದು ಮಂಡಿಯ ಮೇಲಲ್ಲ. ಒಳಮಗ್ಗುಲಲ್ಲಿ, ಕೀಲಿನ ಗೆರೆಯಿಂದ ಮೂರು ಬೆರಳು ಕೆಳಗೆ, ಮಂಡಿಯ ಕೆಳಗಿನ ಕಾಲಿನ ಮೂಳೆಯ ಮೇಲೆ. ನಾನು ಅಲ್ಲೇ ಒತ್ತಿದಾಗ ಕಾಲನ್ನು ಸರಕ್ಕನೆ ಎಳೆದುಕೊಂಡರು.

ತೊಡೆಯ ಒಳಗಿನಿಂದ, ಹಿಂದಿನಿಂದ, ಮುಂದಿನಿಂದ ಬರುವ ಮೂರು ಸ್ನಾಯುಗಳ ತುದಿಗಳು ಆ ಜಾಗದಲ್ಲಿ ಒಟ್ಟಾಗಿ ಮೂಳೆಗೆ ಅಂಟಿಕೊಳ್ಳುತ್ತವೆ. ಅವುಗಳ ಅಡಿಯಲ್ಲಿ ತಿಕ್ಕಾಟ ತಪ್ಪಿಸಲು ಒಂದು ಪುಟ್ಟ ದ್ರವದ ಚೀಲ ಇದೆ. ಮಂಡಿಯನ್ನು ಮಡಿಚುವುದು, ಮಡಿಚಿದ ಕಾಲನ್ನು ಒಳಕ್ಕೆ ತಿರುಗಿಸಿ ಹಿಡಿಯುವುದು ಈ ಸ್ನಾಯುಗಳ ಕೆಲಸ. ಅತಿಯಾಗಿ ದುಡಿದರೆ ಆ ಜಾಗ ಕೆರಳುತ್ತದೆ. ಸಕ್ಕರೆ ಕಾಯಿಲೆ ಇರುವ, ತೂಕ ಹೆಚ್ಚಿರುವ ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಇದು ಕೀಲಿನ ಹೊರಗಿನ ಸಮಾಚಾರ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಆಮೇಲೆ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದೆ. ಮೊದಲ ಎರಡು ಮಲಗಿಸಿ ತೆಗೆದದ್ದು. ಮಂಡಿಯ ಸಂದು ಎಷ್ಟು ಕಿರಿದಾಗಿದೆ ಎಂದು ತಿಳಿಯಬೇಕಾದರೆ ಮೈಭಾರ ಕಾಲಿನ ಮೇಲೆ ಬೀಳುವಂತೆ ನಿಲ್ಲಿಸಿ ತೆಗೆಯಬೇಕು. ಮೂರನೆಯದು ಹಾಗಿತ್ತು, ಪುಣ್ಯಕ್ಕೆ ಎರಡೂ ಮಂಡಿ ಒಟ್ಟಿಗೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ಮಾಡಿಟ್ಟ ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯನ್ನೇ ಎಕ್ಸ್‌ರೇ ನೋಡಿ ಸವೆತ ಅಳೆಯಲು ಈಗಲೂ ಬಳಸುತ್ತಾರೆ, ನಾಲ್ಕು ಎಂದರೆ ತೀರಾ ಹೆಚ್ಚು. ವರದಿಯಲ್ಲಿ ಬಲಕ್ಕೆ ಗ್ರೇಡ್ 2 ಎಂದಿತ್ತು. ಎಡಕ್ಕೂ ಗ್ರೇಡ್ 2.

"ಎಡಮಂಡಿ ನೋಯ್ತದಾ ಅಕ್ಕ?"

"ಇಲ್ಲಪ್ಪ, ಅದು ಗಟ್ಟಿ ಇದೆ."

"ಅದೂ ಇಷ್ಟೇ ಸವೆದಿದೆ, ನೋಡಿ."

ಫಿಲ್ಮನ್ನು ಬಹಳ ಹೊತ್ತು ನೋಡಿದರು. ನಾಲ್ಕು ವರ್ಷದಲ್ಲಿ ಯಾರೂ ಅವರಿಗೆ ಎಡಗಡೆ ತೋರಿಸಿರಲಿಲ್ಲ.

'ಸವೆತ' ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಟೈರು ಸವೆಯುತ್ತದೆ, ಚಪ್ಪಲಿ ಸವೆಯುತ್ತದೆ. ಅವನ್ನು ಉಳಿಸಬೇಕಾದರೆ ಬಳಸದೆ ಇಡಬೇಕು. ಮಂಡಿಯ ಕಾರ್ಟಿಲೇಜಿನ, ಅಂದರೆ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರದ, ಸಂಗತಿ ಬೇರೆ. ಅದಕ್ಕೆ ರಕ್ತನಾಳವೇ ಇಲ್ಲ. ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಎದ್ದಾಗ ಸುತ್ತಲಿನ ದ್ರವವನ್ನು ಹೀರಿಕೊಂಡು ಬದುಕುತ್ತದೆ. ನಡೆದರೆ ಅದಕ್ಕೆ ಊಟ. ಮಂಡಿ ಉಳಿಸಿಕೊಳ್ಳಿ ಎಂದು ಯಾರೋ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ಕೇಳಿ ಅಕ್ಕ ಎರಡು ವರ್ಷದಿಂದ ನಾಟಿಗೆ ಹೋಗುವುದು ಬಿಟ್ಟರು, ಗುಡ್ಡ ಹತ್ತಿ ಸೊಪ್ಪು ತರುವುದು ಬಿಟ್ಟರು. ಶಿವರಾತ್ರಿಯಿಂದ ದೀಪಾವಳಿಯವರೆಗೆ ಕಾಲಿಗೆ ಆರಾಮ. ಮಂಡಿಚಿಪ್ಪಿನಿಂದ 10 ಸೆಂ.ಮೀ. ಮೇಲೆ ಟೇಪು ಸುತ್ತಿ ಅಳೆದರೆ ಬಲತೊಡೆ ಎಡತೊಡೆಗಿಂತ ಒಂದೂವರೆ ಸೆಂ.ಮೀ. ಸಣ್ಣ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು 30 ಸೆಕೆಂಡಿನಲ್ಲಿ 8 ಸಲ ಮಾಡಿದರು. ಅರವತ್ತು ದಾಟಿದ ಹೆಂಗಸರಿಂದಲೇ ಕಡಿಮೆಯೆಂದರೂ 12 ನಿರೀಕ್ಷೆ ಮಾಡುತ್ತೇವೆ. ಇಂಥ ತೊಡೆ ಇಟ್ಟುಕೊಂಡು ದೀಪಾವಳಿ ಕಳೆದ ಮೇಲೆ ಒಮ್ಮೆಲೇ ರಾತ್ರಿಗೆ ಐದು ಗಂಟೆ ಸುಲಿತ.

ಸುಲಿತದ ಭಂಗಿಯನ್ನು ಕ್ಲಿನಿಕ್ಕಿನಲ್ಲಿ ತೋರಿಸಿ ಎಂದೆ. ಹಲಗೆಗೆ ಅಲಗು ಕೂರಿಸಿದ ಮೆಟ್ಟುಗತ್ತಿ ಇಲ್ಲದೆ ಹೇಗೆ ತೋರಿಸುವುದು ಎಂದು ನಕ್ಕರು. ಭಾನುವಾರ ಸಂಜೆ ನಾನೇ ಹೋದೆ.

ಅಂಗಳದಲ್ಲಿ ಚಪ್ಪರ, ಅದರ ಕೆಳಗೆ ದೀಪ, ಪಕ್ಕದಲ್ಲಿ ಅಡಿಕೆ ಬೇಯುವ ಹಂಡೆ, ಗಾಳಿಯಲ್ಲೆಲ್ಲ ಚೊಗರಿನ ವಾಸನೆ. ಏಳೆಂಟು ಹೆಂಗಸರು, ಇಬ್ಬರು ಗಂಡಸರು ಸಾಲಾಗಿ ನೆಲದ ಮೇಲೆ. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಮಾತು ನಡೆದರೂ ಕೈ ನಿಲ್ಲುವುದಿಲ್ಲ. ಅಕ್ಕ ಕೂತ ಕ್ರಮ ಹೀಗಿತ್ತು: ಎಡಗಾಲು ಮುಂದಕ್ಕೆ ಚಾಚಿ, ಬಲಗಾಲನ್ನು ಹಿಮ್ಮಡಿ ಎಡತೊಡೆಗೆ ತಾಗುವಷ್ಟು ಮಡಿಚಿ ಮೆಟ್ಟುಗತ್ತಿಯ ಹಲಗೆಯನ್ನು ಅದರಿಂದಲೇ ಒತ್ತಿ ಹಿಡಿದಿದ್ದರು. ಹಲಗೆ ಅಲುಗದಂತೆ ಹಿಡಿಯುವ ಬಲವೆಲ್ಲ ಆ ಮಡಿಚಿದ ಕಾಲಿನದು. ಒಂದೊಂದು ಕಾಯಿ ಅಲಗಿಗೆ ಒತ್ತುವಾಗಲೂ ಆ ಕಾಲು ಒಂದು ಚೂರು ಬಿಗಿಯುತ್ತಿತ್ತು. ರಾತ್ರಿಗೆ ಎಷ್ಟು ಸಾವಿರ ಕಾಯಿ? ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಕೂಡುವ ಮೂರು ಸ್ನಾಯುಗಳೂ ಅಷ್ಟು ಸಾವಿರ ಸಲ ಬಿಗಿಯುತ್ತಿದ್ದವು. ಮಂಡಿಚಿಪ್ಪು ಅಷ್ಟು ಹೊತ್ತೂ ತೊಡೆಮೂಳೆಗೆ ಒತ್ತಿಕೊಂಡೇ ಇತ್ತು. 

ನಾನು ಬರೆದುಕೊಂಡ ತೀರ್ಮಾನ ಇಷ್ಟು. ಎರಡೂ ಮಂಡಿಯಲ್ಲಿ ವಯಸ್ಸಿಗೆ ತಕ್ಕ ಸಣ್ಣ ಅಸ್ಥಿಸಂಧಿವಾತ. ಬಲಗಡೆ ಒಳಮಗ್ಗುಲ ಸ್ನಾಯುತುದಿ ಮತ್ತು ಅದರ ಚೀಲದ ಕೆರಳಿಕೆ. ಇವೆರಡಕ್ಕೂ ಗಾಳಿ ಹಾಕುತ್ತಿದ್ದದ್ದು ಎಂಟು ತಿಂಗಳು ಕೆಲಸವಿಲ್ಲದೆ ಸೊರಗಿದ ತೊಡೆ, ಮತ್ತು ಒಮ್ಮೆಲೇ ಬಂದು ಬೀಳುವ ಸುಲಿತ.

ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದಿರಬಹುದೇ, ಎಂಆರ್‌ಐ ಮಾಡಿಸೋಣವೇ ಎಂದು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕೇಳಿದ. ಹರಿದಿರಲೂಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ನಡುವಯಸ್ಸಿನವರ, ಹಿರಿಯರ ಮಂಡಿಗಳನ್ನು ಎಂಆರ್‌ಐ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರಲ್ಲಿ 61% ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ಅಕ್ಕನ ಮಂಡಿ ಎಲ್ಲೂ ಸಿಕ್ಕಿಕೊಂಡು ನಿಲ್ಲುತ್ತಿರಲಿಲ್ಲ, ಬಿದ್ದು ತಿರುಚಿದ್ದೂ ಇಲ್ಲ. ಈಗ ಬೇಡ ಎಂದೆ. ಅವನಿಗೆ ಅಷ್ಟು ಸಮಾಧಾನವಾಗಲಿಲ್ಲ. ದುಡ್ಡು ಖರ್ಚು ಮಾಡಲು ತಯಾರಾಗಿರುವ ಮಗನಿಗೆ ಖರ್ಚು ಬೇಡ ಎಂದರೆ ನಂಬಿಕೆ ಬರುವುದು ಕಷ್ಟ.

ಮೊದಲ ಕೆಲಸ ಮಾತ್ರೆಯದ್ದಾಗಿತ್ತು. ಸುಲಿತದ ದಿನಗಳಲ್ಲಿ ಅಕ್ಕ ದಿನಕ್ಕೆರಡು ಡೈಕ್ಲೋಫೆನಾಕ್ ನುಂಗುತ್ತಿದ್ದರು, ಬೆಳಗಿನದನ್ನು ಖಾಲಿ ಹೊಟ್ಟೆಗೆ, ಸಕ್ಕರೆ ಮಾತ್ರೆಯ ಜೊತೆ. ನಾನು ಮಾತ್ರೆ ಬರೆಯುವವಳಲ್ಲ. ಅವರ ವೈದ್ಯರಿಗೆ ಚೀಟಿ ಕೊಟ್ಟು ಕಳಿಸಿದೆ. ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅಂಚಿಗೆ ಬಂದಿತ್ತು, ವೈದ್ಯರು ನಿಲ್ಲಿಸಿದರು. ಅಕ್ಕನಿಗೆ ಈ ಮಾತ್ರೆಯ ಗುಣ ಅರ್ಥವಾದದ್ದು ಕ್ರಿಯಾಟಿನಿನ್ ಅಂಕಿಯಿಂದಲ್ಲ, ರಣಹದ್ದಿನ ಕತೆಯಿಂದ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಹೋಗಿ, ಮೂತ್ರಪಿಂಡ ಕೆಟ್ಟು ನಮ್ಮ ದೇಶದ ರಣಹದ್ದುಗಳು ಬಹುಪಾಲು ಅಳಿದವು. 2006ರಲ್ಲಿ ದನದ ಔಷಧಿಯಾಗಿ ಅದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹಕ್ಕಿಗಾಗಿ ರಣಹದ್ದು ಧಾಮವೇ ಆಗಿದೆ. ಮನುಷ್ಯರ ಮೂತ್ರಪಿಂಡ ಅಷ್ಟು ಸೂಕ್ಷ್ಮವಲ್ಲ ನಿಜ, ಆದರೆ ಸಕ್ಕರೆ ಕಾಯಿಲೆಯವರು ತಿಂಗಳುಗಟ್ಟಲೆ ನುಂಗಿದರೆ ಅದೂ ಸುಮ್ಮನಿರುವುದಿಲ್ಲ. "ಹೌದಾ ಮಾರಾಯ್ತಿ!" ಎಂದವರು ಮತ್ತೆ ಆ ಸ್ಟ್ರಿಪ್ ಮುಟ್ಟಲಿಲ್ಲ. ಅದೇ ಔಷಧಿಯ ಮುಲಾಮನ್ನು ವೈದ್ಯರು ಬರೆದುಕೊಟ್ಟರು. ಮೇಲಿನಿಂದ ಹಚ್ಚಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮಂಡಿಯಂಥ ಚರ್ಮಕ್ಕೆ ಹತ್ತಿರದ ಕೀಲಿಗೆ ಅದು ಒಳ್ಳೆಯ ಆಯ್ಕೆ. ಗ್ಲುಕೋಸಮೈನ್ ಮತ್ತೆ ತರಬೇಕೇ ಎಂದು ಕೇಳಿದರು. ಅಮೆರಿಕದಲ್ಲಿ 1,583 ಜನರ ಮೇಲೆ ನಡೆದು 2006ರಲ್ಲಿ ಬಂದ ಪರೀಕ್ಷೆಯಲ್ಲಿ ಒಟ್ಟಾರೆ ಅದು ಔಷಧಿಯೇ ಇಲ್ಲದ ಹುಸಿಗುಳಿಗೆಗಿಂತ ಮೇಲಾಗಿ ಕಾಣಲಿಲ್ಲ. ಆ ದುಡ್ಡಿಗೆ ಹೆಸರುಕಾಳು, ಮೊಟ್ಟೆ ತನ್ನಿ ಎಂದೆ.

ಎಣ್ಣೆ ಹಚ್ಚಬಹುದೇ? ಧಾರಾಳವಾಗಿ. ಬಿಸಿನೀರಿನ ಶಾಖವೂ ಸರಿ. ಚರಕಸಂಹಿತೆಯಲ್ಲಿ ಸಂಧಿವಾತದ ಬಾವನ್ನು ಗಾಳಿ ತುಂಬಿದ ಚರ್ಮದ ಚೀಲ ಮುಟ್ಟಿದಂತೆ ಎಂದು ವರ್ಣಿಸಿದ್ದಾರೆ. ಮಂಡಿಯ ಮೇಲೆ ಕೈಯಿಟ್ಟು ನೋಡಿದವರಿಗಷ್ಟೇ ಹೊಳೆಯುವ ಹೋಲಿಕೆ ಅದು. ಎಣ್ಣೆ ಒಳಗಿಳಿದು 'ಆರಿದ ಎಣ್ಣೆ'ಯನ್ನು ತುಂಬುವುದಿಲ್ಲ, ಆದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ, ಸಂತೆಯಲ್ಲಿ ಚೀಟಿಯಿಲ್ಲದ ಪೊಟ್ಟಣದಲ್ಲಿ ಮಾರುವ 'ಗಂಟುನೋವಿನ ಪುಡಿ' ಬೇಡ. ಎರಡೇ ದಿನಕ್ಕೆ ನೋವು ಮಾಯವಾದರೆ ಒಳಗೆ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಬೇಕು. ಸಕ್ಕರೆ ಕಾಯಿಲೆಯವರಿಗಂತೂ ಅದು ವಿಷ.

ಸುಲಿತ ಬಿಡಿ ಎಂದು ಹೇಳಲಿಲ್ಲ. ಮೂರು ತಿಂಗಳ ಆ ಕೂಲಿಯ ಮೇಲೆ ಇಡೀ ಮಳೆಗಾಲ ನಿಂತಿದೆ. ಹೇಳಿದ್ದರೆ ಅಕ್ಕ ತಲೆ ಅಲ್ಲಾಡಿಸಿ ಹೋಗಿ, ಮತ್ತೆ ಬರುತ್ತಿರಲಿಲ್ಲ. ಮೆಟ್ಟುಗತ್ತಿಯನ್ನೇ ಎತ್ತರಕ್ಕೆ ತಂದರೆ ಹೇಗೆ ಎಂದು ಆ ಮನೆಯ ಗೌಡರ ಜೊತೆ ಮಾತಾಡಿದೆ. ಅಟ್ಟದಲ್ಲಿ ಹಳೇ ಮರದ ಬೆಂಚು ಬಿದ್ದಿತ್ತು. ಊರಿನ ಆಚಾರರು ಅದರ ಒಂದು ತುದಿಗೆ ಮೆಟ್ಟುಗತ್ತಿಯ ಹಲಗೆ ಕೂರಿಸಿ ಎರಡು ಬೋಲ್ಟ್ ಬಿಗಿದರು. ಅಕ್ಕ ಬೆಂಚಿನ ಮೇಲೆ ಆಚೆಗೊಂದು ಈಚೆಗೊಂದು ಕಾಲು ಇಳಿಬಿಟ್ಟು ಕೂರಬೇಕು. ಹಲಗೆ ಹಿಡಿಯುವ ಕೆಲಸ ಬೋಲ್ಟಿನದು, ಕಾಲಿಗೆ ಬಿಡುವು. ಮೊದಲ ವಾರ ಕೈಲೆಕ್ಕ ತಪ್ಪಿ ಐದು ಡಬ್ಬದ ಬದಲು ಮೂರೂವರೆ ಆಯಿತು. ಪಕ್ಕದವರು "ಆಫೀಸರ್ ಬಂದ್ರು, ಜಾಗ ಬಿಡಿ" ಎಂದು ಗೇಲಿ ಮಾಡಿದರು. ಬೆಂಚನ್ನು ಒದ್ದುಬಿಡುವಷ್ಟು ಸಿಟ್ಟು ಬಂದಿತ್ತಂತೆ. ಮೂರನೇ ವಾರಕ್ಕೆ ನಾಲ್ಕೂವರೆಗೆ ಬಂದರು, ಅಲ್ಲಿಂದ ಮುಂದೆ ಲೆಕ್ಕ ಹೇಳುವುದನ್ನೇ ಬಿಟ್ಟರು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಹಂಡೆಯವರೆಗೆ ನಡೆದು ಬರುವುದೂ ಒಪ್ಪಂದದಲ್ಲಿತ್ತು. ಇದನ್ನು ಅವರು ಅರ್ಧಂಬರ್ಧ ಪಾಲಿಸಿದರು.

ವ್ಯಾಯಾಮದಲ್ಲಿ ನನ್ನ ಕಡೆಯಿಂದ ಒಂದು ತಪ್ಪಾಯಿತು. ನಾಲ್ಕೇ ನಾಲ್ಕು ಹೇಳಿಕೊಟ್ಟಿದ್ದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಹತ್ತು ಎಣಿಸುವವರೆಗೆ ಒತ್ತುವುದು. ಮಲಗಿ ಕಾಲನ್ನು ನೆಟ್ಟಗೆ ಎತ್ತುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು, ಇದು ಸೊಂಟದ ಪಕ್ಕದ ಸ್ನಾಯುವಿಗೆ. ಮಂಚದಿಂದ ಕೈ ಊರದೆ ಎದ್ದು ಕೂರುವುದು. "ಆದಷ್ಟು ಮಾಡಿ" ಎಂದುಬಿಟ್ಟೆ. ದಿನಗೂಲಿಗೆ ದುಡಿದವರ ಬಾಯಲ್ಲಿ ಆದಷ್ಟು ಎಂದರೆ ಕೆಲಸ ಮುಗಿಯುವಷ್ಟು ಎಂದರ್ಥ, ನನಗದು ಹೊಳೆಯಬೇಕಿತ್ತು. ಅಕ್ಕ ಮೊದಲ ದಿನವೇ ನೂರು ಸಲ ಎದ್ದು ಕೂತರು. ಮರುದಿನ ಮಂಡಿ ತೆಂಗಿನಕಾಯಿ. ಮೂರು ದಿನ ಸುಲಿತಕ್ಕೆ ಹೋಗಲಾಗಲಿಲ್ಲ, ಆ ಕೂಲಿ ಹೋದದ್ದು ನನ್ನ ಬಾಯಿಂದ.

ಮತ್ತೆ ಲೆಕ್ಕ ಹಾಕಿಕೊಟ್ಟೆ. ಎದ್ದು ಕೂರುವುದು ಎಂಟು ಸಲ, ಸ್ವಲ್ಪ ಬಿಟ್ಟು ಇನ್ನೆಂಟು, ದಿನ ಬಿಟ್ಟು ದಿನ. ಮಾಡುವಾಗ ನೋವು ಹತ್ತರಲ್ಲಿ ನಾಲ್ಕರವರೆಗೆ ಬಂದರೆ ಹೆದರಬೇಡಿ, ಮಾರನೇ ಬೆಳಿಗ್ಗೆಯೊಳಗೆ ಮೊದಲಿದ್ದಲ್ಲಿಗೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ. ಎರಡು ವಾರವಾದ ಮೇಲೆ ಕಾಲಿಗೆ ಭಾರ ಕಟ್ಟಿ ಎತ್ತಬೇಕಾಯಿತು. ಅಂಗಡಿಯ ಮರಳುಚೀಲ ಯಾಕೆಂದು ಅಕ್ಕನೇ ಹಳೇ ಸೀರೆಯಲ್ಲಿ ಚೀಲ ಹೊಲಿದು ಗೋಟು ಅಡಿಕೆ ತುಂಬಿದರು, ಮೊದಲು ಒಂದು ಕಿಲೋ, ಆಮೇಲೆ ಎರಡು. ಐದನೇ ವಾರದಿಂದ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಸೇರಿಸಿದೆವು. ಇಳಿಯುವಾಗ ಒಳ್ಳೇ ಕಾಲು ಮೊದಲಲ್ಲ, ನೋವಿನ ಕಾಲು ಮೊದಲು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ.

ತೂಕದ ಮಾತು ಎತ್ತುವಾಗ ನನಗೆ ಯಾವಾಗಲೂ ಸಂಕೋಚ. ದಪ್ಪಗಿದ್ದೀರಿ ಎನ್ನುವುದು ಔಷಧಿಯಲ್ಲ, ಅವಮಾನ. ಲೆಕ್ಕ ಮಾತ್ರ ಹೇಳಿದೆ: ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಆರು ಲೋಟ ಸಕ್ಕರೆ ಚಹಾ ಎರಡಕ್ಕಿಳಿಯಿತು, ರಾತ್ರಿಯ ಅನ್ನ ಅರ್ಧವಾಯಿತು. ಮೂರು ತಿಂಗಳಲ್ಲಿ ಇಳಿದದ್ದು ಮೂರೂವರೆ ಕಿಲೋ. ಮಂಡಿಯ ಲೆಕ್ಕದಲ್ಲಿ ಹೆಜ್ಜೆಗೆ 14.

ಬಚ್ಚಲಿನಲ್ಲಿ ಕುಕ್ಕರಗಾಲಿನಿಂದ ಏಳುವಾಗ ಪ್ರಾಣ ಹೋಗುತ್ತದೆ ಎಂದಿದ್ದರು. ಕಮೋಡ್ ಕುರ್ಚಿ ತರಲು ಒಪ್ಪಲಿಲ್ಲ, "ಮುದುಕಿ ಮಾಡ್ಬೇಡಿ ನನ್ನ." ಗೋಡೆಗೆ ಕಬ್ಬಿಣದ ಪೈಪು ಹಿಡಿಕೆ ಹಾಕಿಸಿದರು, ಅಷ್ಟರಲ್ಲೇ ಕೆಲಸ ನಡೆಯಿತು.

ಇನ್ನೊಂದು ಇಂಜೆಕ್ಷನ್ ಹಾಕಿಸಿಬಿಡೋಣ ಎಂಬ ಆಸೆ ನಡುವೆ ಒಮ್ಮೆ ಬಂತು. ಆ 'ದೇವರಂಥ' ಆರು ವಾರ ಯಾರಿಗೆ ಬೇಡ? ತೀರಾ ಊದಿ ನಿದ್ದೆ ಕೆಟ್ಟಾಗ ಒಂದು ಇಂಜೆಕ್ಷನ್ನಿಗೆ ಜಾಗವಿದೆ, ನಾನು ವಿರೋಧಿಯಲ್ಲ. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ 2017ರ ಅಮೆರಿಕದ ಅಧ್ಯಯನದಲ್ಲಿ ನೋವಿಗೆ ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಹೆಚ್ಚಿನ ಲಾಭವಾಗಲಿಲ್ಲ, ಕಾರ್ಟಿಲೇಜು ಮಾತ್ರ ಹೆಚ್ಚು ತೆಳುವಾಯಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 156 ಜನರನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ವರ್ಷದ ಕೊನೆಗೆ ಇಂಜೆಕ್ಷನ್ ಗುಂಪಿಗಿಂತ ಫಿಸಿಯೋ ಗುಂಪು ಮೇಲಿತ್ತು. ಇದನ್ನು ಹೇಳುವಾಗ ನನ್ನ ಕಸುಬಿನ ಪಕ್ಷಪಾತವನ್ನೂ ಓದುವವರು ಗಣನೆಗೆ ತೆಗೆದುಕೊಳ್ಳಲಿ.

ಮಂಡಿ ಬದಲಾವಣೆಯ ಭಯವನ್ನೂ ಇಳಿಸಬೇಕಿತ್ತು. ಅದು ಕೆಟ್ಟ ಆಪರೇಷನ್ ಅಲ್ಲ. ಬದಲಿಸಿದ ಮಂಡಿಗಳಲ್ಲಿ 25 ವರ್ಷದ ನಂತರವೂ ಸುಮಾರು 82% ಉಳಿದಿರುತ್ತವೆ ಎಂಬ ಲೆಕ್ಕವಿದೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆಯನ್ನು 54,720 ರೂಪಾಯಿಗೆ ಮಿತಿಗೊಳಿಸಿದ ಮೇಲೆ ಕೈಗೆಟಕುವವರೂ ಹೆಚ್ಚಿದ್ದಾರೆ. ಆದರೆ ಅದು ರಾತ್ರಿ ನಿದ್ದೆಯಿಲ್ಲದವರಿಗೆ, ಮನೆಯೊಳಗೇ ನಡೆಯಲಾಗದವರಿಗೆ, ವ್ಯಾಯಾಮ-ಮಾತ್ರೆ ಎಲ್ಲ ನೋಡಿ ಸೋತವರಿಗೆ. "ಆಪರೇಷನ್ ಮಾಡ್ಸಿದ್ರೆ ನೆಲಕ್ಕೆ ಕೂತು ಸುಲೀಬಹುದಾ?" ಎಂದು ಕೇಳಿದರು. ಸಾಮಾನ್ಯವಾಗಿ ಆಗುವುದಿಲ್ಲ ಎಂದೆ. "ಹಂಗಾರೆ ಬೆಂಚೇ ಸಾಕು."

ಯಾವಾಗ ನನ್ನ ಹತ್ತಿರ ಬರದೆ ಸೀದಾ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಗೋಡೆಗೆ ಅಂಟಿಸುವಂತೆ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ: ಮಂಡಿ ಬಿಸಿಯಾಗಿ ಕೆಂಪೇರಿ ಜ್ವರ ಬಂದರೆ ಅದೇ ದಿನ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಸಿಕ್ಕಿಕೊಂಡು ಬಿಡಿಸಲು ಬಾರದಿದ್ದರೆ, ಮೀನಖಂಡ ಊದಿ ನೋಯತೊಡಗಿದರೆ.

ಆರನೇ ವಾರ ರಾತ್ರಿಯ ನೋವು ಹತ್ತರಲ್ಲಿ ಆರರಿಂದ ಮೂರಕ್ಕೆ ಇಳಿದಿತ್ತು. ಮೂರು ಬೆರಳು ಕೆಳಗಿನ ಆ ಜಾಗ ಒತ್ತಿದರೆ "ಗೊತ್ತಾಗ್ತದೆ, ಅಷ್ಟೆ" ಎಂದರು. ಹನ್ನೆರಡನೇ ವಾರ 30 ಸೆಕೆಂಡಿನಲ್ಲಿ 13 ಸಲ ಎದ್ದು ಕೂತರು. ಕರಕರ ಸದ್ದು ಹಾಗೇ ಇದೆ. ಮತ್ತೆ ಎಕ್ಸ್‌ರೇ ತೆಗೆಸಿಲ್ಲ, ತೆಗೆಸಿದ್ದರೂ ಅದೇ ಗ್ರೇಡ್ 2 ಬರುತ್ತಿತ್ತು.

ಮರುವರ್ಷ ನೋವು ಮತ್ತೆ ಬಂತು, ಮುಚ್ಚಿಡುವುದೇನಿದೆ. ಮೇ ತಿಂಗಳಿನಲ್ಲಿ ಮಗಳ ಮದುವೆ ಓಡಾಟ, ಆಮೇಲೆ ಮಳೆ, ಅಡಿಕೆ ಚೀಲ ಅಟ್ಟ ಸೇರಿತ್ತು. ಸುಲಿತ ಶುರುವಾದ ಎರಡನೇ ವಾರ ಫೋನ್ ಬಂತು. ಈ ಸಲ ದನಿಯಲ್ಲಿ ಗಾಬರಿ ಇರಲಿಲ್ಲ, ಎಷ್ಟಕ್ಕೆ ಇಳಿಸಲಿ ಎಂದಷ್ಟೇ ಕೇಳಿದರು. ವ್ಯಾಯಾಮ ಅರ್ಧಕ್ಕಿಳಿಸಿ, ಮುಲಾಮು ಹಚ್ಚಿ, ಎರಡು ರಾತ್ರಿ ಸುಲಿತಕ್ಕೆ ಹೋಗದೆ ಇದ್ದರು. ಒಂಬತ್ತು ದಿನಕ್ಕೆ ತಗ್ಗಿತು. ಹಿಂದಿನ ವರ್ಷಗಳಲ್ಲಿ ಮೂರು ತಿಂಗಳು ಕಾಡುತ್ತಿದ್ದ ನೋವು.

ಈ ವರ್ಷ ದೀಪಾವಳಿ ಕಳೆದು ವಾರವಾಗಿತ್ತು, ಮತ್ತೆ ಅಕ್ಕನ ಫೋನ್. ನಾನು ಮಂಡಿ ಹೇಗಿದೆ ಎನ್ನುವ ಮೊದಲೇ, "ಆ ಆಚಾರ್ರ ನಂಬರ್ ಇದ್ಯಾ?" ಎಂದರು. ಬೆಂಚಿನ ಬೋಲ್ಟು ಸಡಿಲವಾಗಿದೆಯಂತೆ. ಪಕ್ಕದ ಮನೆಯವಳಿಗೂ ಒಂದು ಬೆಂಚು ಬೇಕಂತೆ, ಮೊದಲ ವರ್ಷ ಆಫೀಸರ್ ಬಂದ್ರು ಅಂದಿದ್ದಳಲ್ಲ, ಅವಳಿಗೆ.